ಮೊದಲು ನೀರು, ಆಮೇಲೆ ಊರು

ಮಳೆಗಾಲದಲ್ಲಿ ಉತ್ತರ ಕನ್ನಡದ ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಕಡೆಗೆ, ಗಾಳಿಯ ಸಿಲಿಂಡರ್ ಹೊತ್ತು ನೀರಿಗಿಳಿಯುವ ಸ್ಕೂಬಾ ಡೈವಿಂಗ್‌ನ ದೋಣಿಯೂ ಹೊರಡುವುದಿಲ್ಲ. ಅದೇ ದಿನಗಳಲ್ಲಿ ಮಲೇಷ್ಯಾದ ಪೂರ್ವ ಕರಾವಳಿಯ ಪೆರ್ಹೆಂಟಿಯನ್ ದ್ವೀಪಗಳ ಸುತ್ತ ನೀರು ತಿಳಿಯಾಗಿ, ಶಾಂತವಾಗಿ ಇರುತ್ತದೆ. ಅಲ್ಲಿ ಕಡಲು ಕೆರಳುವುದು ನವೆಂಬರ್ ಹೊತ್ತಿಗೆ, ಈಶಾನ್ಯ ಮಾರುತ ಬೀಸತೊಡಗಿದ ಮೇಲೆ. ನಾವು ಛತ್ರಿ ಬಿಚ್ಚುವಾಗ ಅವರು ದೋಣಿ ಬಿಚ್ಚುತ್ತಾರೆ. ನಾನು ಅಲ್ಲಿಗೆ ಹೋಗಿದ್ದು ಜುಲೈ ತಿಂಗಳಲ್ಲಿ, ಈ ಲೆಕ್ಕ ಹಾಕಿಯೇ.

ಸಿರ್ಸಿಯಲ್ಲಿರುವ ಅಕ್ಕನ ಮಗಳಿಗೆ ಆ ಪ್ರವಾಸದ ಚಿತ್ರಗಳನ್ನು ತೋರಿಸಿದ್ದೇ ತಡ, ಅವಳಿಗೂ ಹೋಗುವ ಆಸೆ ಹುಟ್ಟಿತು. ಡಿಸೆಂಬರ್‌ನಲ್ಲಿ ಗಂಡನನ್ನು ಕರೆದುಕೊಂಡು ಹೊನ್ನಾವರದ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ಮುಂದಿನ ಜುಲೈಗೆ ಬರೆದಿಟ್ಟ ಯೋಜನೆಯಿತ್ತು. ಮೊದಲು ಕೌಲಾಲಂಪುರ, ಅವಳಿ ಗೋಪುರ, ಬಾಟು ಗುಹೆ, ಜೆಂಟಿಂಗ್ ಹೈಲ್ಯಾಂಡ್ಸ್. ಆಮೇಲೆ ದ್ವೀಪ. ಕೊನೆಯ ದಿನ ಬೆಳಿಗ್ಗೆ ಒಂದು ಡೈವ್, ಸಂಜೆ ವಿಮಾನ, ರಾತ್ರಿ ಬೆಂಗಳೂರಿನ ದಾರಿ.

"ಕೂಸೇ, ಇದನ್ನು ತಲೆಕೆಳಗು ಮಾಡಬೇಕು. ಮೊದಲು ನೀರು, ಆಮೇಲೆ ಊರು" ಎಂದೆ.

"ಸುಸ್ತಾಗುವುದಕ್ಕೆ ಮೊದಲು ಊರು ನೋಡಿಬಿಡೋಣ ಎಂದುಕೊಂಡೆ, ಮಾವ."

"ಸುಸ್ತಿನ ಮಾತಲ್ಲ. ನಾಳೆ ನೇತ್ರಾಣಿಗೆ ಹೋಗೋಣ, ಅಲ್ಲಿ ನಿನಗೇ ತಿಳಿಯುತ್ತದೆ."

ಪರದೇಶದಲ್ಲಿ ಮೊದಲ ಸಲ ನೀರಿಗಿಳಿಯುವ ಬದಲು ನಮ್ಮ ಕಡಲಿನಲ್ಲೇ ಇಳಿದು ನೋಡುವುದು ಒಳ್ಳೆಯದೆಂದು ನಾನು ಬಲವಾಗಿ ನಂಬುತ್ತೇನೆ. ಭಯವಾದಾಗ ಅದನ್ನು ಹೇಳಲು ಸ್ವಂತ ಭಾಷೆ ಬೇಕು. ನೀರಿನ ಕೆಳಗೆ ಕೈಸನ್ನೆ ಸಾಕು, ಆದರೆ ನೀರಿಗೆ ಇಳಿಯುವ ಮುಂಚಿನ ಆ ಹತ್ತು ನಿಮಿಷಗಳಲ್ಲಿ "ನನಗೆ ಆಗುವುದಿಲ್ಲ" ಎಂದು ಕನ್ನಡದಲ್ಲಿ ಹೇಳಿ, "ನಿಧಾನ, ಅವಸರವಿಲ್ಲ" ಎಂಬ ಉತ್ತರವನ್ನು ಕನ್ನಡದಲ್ಲೇ ಕೇಳಿದರೆ ಎದೆಬಡಿತ ಇಳಿಯುತ್ತದೆ.

ಮುರ್ಡೇಶ್ವರದಲ್ಲಿ ಬೆಳಿಗ್ಗೆ ಮೊದಲು ಕೊಟ್ಟದ್ದು ಆರೋಗ್ಯದ ಪ್ರಶ್ನಾವಳಿ. ಅಸ್ತಮಾ, ಹೃದಯದ ತೊಂದರೆ, ಅಪಸ್ಮಾರ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಧಾರಣೆ, ಇತ್ತೀಚಿನ ನೆಗಡಿ, ಎಲ್ಲವನ್ನೂ ಕೇಳಿರುತ್ತಾರೆ. ಅನೇಕರು ಓದದೆ ಎಲ್ಲದಕ್ಕೂ 'ಇಲ್ಲ' ಎಂದು ಗೀಟು ಹಾಕಿ ಸಹಿ ಮಾಡುವುದನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅಳಿಯಂದಿರಿಗೆ ಎರಡು ದಿನಗಳಿಂದ ಮೂಗು ಕಟ್ಟಿತ್ತು. ಅವರು ಪ್ರಾಮಾಣಿಕವಾಗಿ ಬರೆದರು. ತರಬೇತುದಾರ ಓದಿ, "ಸರ್, ನೀವು ಇವತ್ತು ಕೆಳಗೆ ಇಳಿಯುವುದು ಬೇಡ. ಮೇಲೆ ತೇಲುತ್ತಾ ನೋಡಿ" ಎಂದರು. ಮಾತ್ರೆ ನುಂಗಿದರೆ ಆಗದೇ ಎಂದು ಅಳಿಯಂದಿರು ಕೇಳಿದರು. ಆಗುವುದಿಲ್ಲ. ಮೂಗು ಬಿಡಿಸುವ ಮಾತ್ರೆಯ ಪ್ರಭಾವ ನೀರಿನ ಕೆಳಗೆ ಇಳಿದುಹೋದರೆ, ಮೇಲೆ ಬರುವಾಗ ಕಿವಿಯೊಳಗೆ ಹಿಗ್ಗುವ ಗಾಳಿಗೆ ಹೊರಬರುವ ದಾರಿಯೇ ಇರುವುದಿಲ್ಲ. ಹಣ ಕೊಟ್ಟು ಬಂದವರಿಗೆ 'ಬೇಡ' ಎನ್ನುವ ತರಬೇತುದಾರ ಸಿಕ್ಕರೆ ಅವರನ್ನು ನಂಬಿ ಇಳಿಯಬಹುದು.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ ಎರಡು ಇಡ್ಲಿ ತಿಂದು, ಮಸಾಲೆ, ಎಣ್ಣೆ ಬಿಟ್ಟು, ದೋಣಿಯಲ್ಲಿ ಎಂಜಿನ್ ಹೊಗೆಯಿಂದ ದೂರ ಕೂತು, ಮೊಬೈಲ್ ಒಳಗಿಟ್ಟು ದಿಗಂತ ನೋಡುತ್ತಿದ್ದರೆ ಹೊಟ್ಟೆ ತೊಳೆಸುವುದು ಕಡಿಮೆ. ಹಿಂದೆ 123 ಅಡಿಯ ಶಿವ ಮತ್ತು 20 ಅಂತಸ್ತಿನ ರಾಜಗೋಪುರ ಬಹಳ ಹೊತ್ತು ಕಾಣುತ್ತಿರುತ್ತವೆ. ಅವು ಮಸುಕಾಗುವ ಹೊತ್ತಿಗೆ ಮುಂದೆ ಗುಡ್ಡ ಕಾಣಿಸುತ್ತದೆ. ಪಾರಿವಾಳ ದ್ವೀಪವೆಂದೂ ಕರೆಯುವ ಈ ಗುಡ್ಡದ ಕಡಿದಾದ ಬಂಡೆಗಳ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವೂ ಇದೇ. ಡೈವ್‌ಗೆ ಹೋದವರು ದ್ವೀಪ ಹತ್ತುವಂತಿಲ್ಲ, ಸುತ್ತಲಿನ ನೀರಷ್ಟೇ ನಮ್ಮದು.

ನೀರಿಗೆ ಇಳಿಯುವ ಮೊದಲು ನಾನು ಅವಳಿಗೆ ಕಿವಿಯ ವಿಷಯ ಮಾತ್ರ ಹೇಳಿದೆ. ದೇವಿಮನೆ ಘಟ್ಟ ಇಳಿಯುವಾಗ ಕಿವಿ ಕಟ್ಟುತ್ತದೆ, ಉಗುಳು ನುಂಗಿದರೆ ಬಿಡುತ್ತದೆ. ಸಿರ್ಸಿಯವರಿಗೆ ಇದು ಚಿಕ್ಕಂದಿನಿಂದ ಗೊತ್ತು. ಆದರೆ ಸಿರ್ಸಿಯಿಂದ ಕುಮಟಾಕ್ಕೆ ಇಡೀ ಘಟ್ಟ ಇಳಿದಾಗ ಕಿವಿಯ ಮೇಲೆ ಹೆಚ್ಚುವ ಒತ್ತಡವು ಕಡಲಿನಲ್ಲಿ ಒಂದು ಮೀಟರ್ ಇಳಿಯುವುದರೊಳಗೇ ಬಂದುಬಿಡುತ್ತದೆ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. ಹಾಗಾಗಿ ನೋವು ಬರಲಿ ಎಂದು ಕಾಯಬಾರದು. ತಲೆ ಮುಳುಗಿದ ಕೂಡಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು, ಪ್ರತಿ ಅರ್ಧ ಮೀಟರ್‌ಗೂ ಊದುತ್ತಲೇ ಇರಬೇಕು. ಬಿಡದಿದ್ದರೆ ಕಿವಿಯತ್ತ ಬೆರಳು ತೋರಿಸಿ ಅಂಗೈ ಅಲ್ಲಾಡಿಸಿ, ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಬಲವಂತವಾಗಿ ಊದಿ ಇಳಿದರೆ ಕಿವಿಯ ತಮಟೆಗೇ ಪೆಟ್ಟು.

ಎಲ್ಲಕ್ಕಿಂತ ದೊಡ್ಡ ನಿಯಮವನ್ನು ತರಬೇತುದಾರರೇ ಮೂರು ಸಲ ಹೇಳಿದರು: ಉಸಿರು ಹಿಡಿಯಬೇಡಿ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವ ಹೊತ್ತಿಗೆ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡರೆ ಶ್ವಾಸಕೋಶ ಅದನ್ನು ತಾಳುವುದಿಲ್ಲ. ಹೆಬ್ಬೆರಳು ಎತ್ತುವುದನ್ನೂ ನೆನಪಿಡಬೇಕು. ನೆಲದ ಮೇಲೆ ಅದು 'ಭೇಷ್', ನೀರಿನಲ್ಲಿ 'ಮೇಲೆ ಹೋಗೋಣ'. ಖುಷಿಯಲ್ಲಿ ಹೆಬ್ಬೆರಳು ಎತ್ತಿದವರನ್ನು ಇನ್ನೂ ಏನೂ ನೋಡುವ ಮೊದಲೇ ಮೇಲಕ್ಕೆ ತಂದುಬಿಡುತ್ತಾರೆ.

ಕೆಳಗೆ ಅವಳು ಮೊದಲು ತರಬೇತುದಾರರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಗುಳ್ಳೆಗಳು ಒಂದರ ಹಿಂದೊಂದು ಅವಸರವಾಗಿ ಹೊರಡುತ್ತಿದ್ದವು. ಬಂಡೆಯೊಂದರ ಪಕ್ಕದಲ್ಲಿ ಗಿಳಿಮೀನು ಹವಳವನ್ನು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಆ ಕಟಕಟ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಕೇಳುತ್ತಾ ಅವಳ ಉಸಿರು ನಿಧಾನವಾಯಿತು, ಗುಳ್ಳೆಗಳ ನಡುವಿನ ಅಂತರ ಹೆಚ್ಚಿತು. ಹಳದಿ ಚಿಟ್ಟೆಮೀನುಗಳ ಜೋಡಿಯೊಂದು ಮಾಸ್ಕಿನ ಮುಂದೆಯೇ ಹಾದುಹೋಯಿತು. ಸಂದಿಯಿಂದ ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅದು ಬೆದರಿಕೆಯಲ್ಲ, ಅದು ಉಸಿರಾಡುವುದೇ ಹಾಗೆ. ಅವಳು ಮಣಿಕಟ್ಟಿನ ಕೆಂಪು ದಾರವನ್ನು ನನಗೆ ತೋರಿಸಿದಳು. ಅದು ಕಪ್ಪಾಗಿ ಕಾಣುತ್ತಿತ್ತು. ನೀರು ಬೆಳಕಿನ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಅದನ್ನು ಅವಳು ತಾನೇ ಕಂಡುಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ದೋಣಿಗೆ ಹತ್ತಿದ ಮೇಲೆ ಅಳಿಯಂದಿರ ಮುಖದಲ್ಲಿ ಅಷ್ಟೇನೂ ಬೇಸರ ಕಾಣಲಿಲ್ಲ. ಮೇಲಿಂದಲೇ ಬಹಳಷ್ಟು ಕಂಡಿತೆಂದರು.

ಮಧ್ಯಾಹ್ನ ದಡ ಸೇರಿದೆವು. ಸಂಜೆಯೇ ಕಾರಿನಲ್ಲಿ ಸಿರ್ಸಿಗೆ ಹೊರಡುವ ವಿಚಾರ ಅವರದಾಗಿತ್ತು. ನಾನು ರಾತ್ರಿ ಉಳಿಸಿಕೊಂಡೆ. ಊಟಕ್ಕೆ ಕುಳಿತಾಗ ಕಾರಣ ಬಿಡಿಸಿ ಹೇಳಿದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕ. ಆಳದ ಒತ್ತಡದಲ್ಲಿ ಅದು ರಕ್ತ, ಕೊಬ್ಬು, ಕೀಲುಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದಕ್ಕೆ ಮೊದಲೇ ಸುತ್ತಲಿನ ಒತ್ತಡ ಇಳಿದರೆ ದೇಹದೊಳಗೆ ಗುಳ್ಳೆ ಕಟ್ಟಬಹುದು. ಕೀಲುನೋವು, ಜೋಮು, ತಲೆಸುತ್ತು, ವಿಪರೀತ ದಣಿವು ಬರಬಹುದು, ಕೆಲವೊಮ್ಮೆ ಇನ್ನೂ ಗಂಭೀರವಾದದ್ದೂ ಆಗಬಹುದು. ಡೈವ್ ಆದ ಮೇಲೆ ಇವುಗಳಲ್ಲಿ ಯಾವುದಾದರೂ ಕಂಡರೆ ಆಯಾಸವೆಂದು ಮಲಗದೆ ವೈದ್ಯರ ಬಳಿ ಹೋಗಬೇಕು, ಆಮ್ಲಜನಕ ಕೇಳಬೇಕು. ವಿಮಾನದೊಳಗಿನ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಆದ್ದರಿಂದ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಅಥವಾ ಸತತ ದಿನಗಳಲ್ಲಿ ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನಾನು 24 ಗಂಟೆ ಬಿಡುತ್ತೇನೆ.

ಸುಮಾರು 600 ಮೀಟರ್‌ಗಿಂತ ಎತ್ತರದ ಜಾಗಕ್ಕೆ ರಸ್ತೆಯಲ್ಲಿ ಹೋದರೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಸಿರ್ಸಿ ಆ ಗಡಿಯ ಆಸುಪಾಸಿನಲ್ಲಿದೆ. ಆಳವಿಲ್ಲದ ನೀರಿನಲ್ಲಿ ಒಂದು ಸಣ್ಣ ಡೈವ್ ಮಾಡಿದವಳಿಗೆ ಘಟ್ಟ ಹತ್ತಿದರೆ ಅಪಾಯ ಕಡಿಮೆ ಎಂದು ನನಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಹಾಸಿಗೆಯಿರುವಾಗ ಆ ಕಡಿಮೆ ಅಪಾಯವನ್ನಾದರೂ ಏಕೆ ತೆಗೆದುಕೊಳ್ಳಬೇಕು?

"ಹಾಗಾದರೆ ಜೆಂಟಿಂಗ್?" ಎಂದು ಅವಳೇ ಕೇಳಿದಳು. ಅವಳ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿತ್ತು. ಜೆಂಟಿಂಗ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಇನ್ನೂ ಸುಲಭವಾಗಿ ಸಿಕ್ಕಿಬೀಳುವ ಜಾಗ ಕ್ಯಾಮರೂನ್ ಹೈಲ್ಯಾಂಡ್ಸ್. ಪೆರ್ಹೆಂಟಿಯನ್‌ನಿಂದ ದೋಣಿಯಲ್ಲಿ ಕೌಲಾ ಬೆಸುತ್ ಜೆಟ್ಟಿಗೆ ಬಂದು ಇಳಿದವರಿಗೆ ಅಲ್ಲಿಂದಲೇ ಆ ಚಹಾ ತೋಟಗಳ ಬೆಟ್ಟಕ್ಕೆ ವ್ಯಾನ್ ಸಿಗುತ್ತದೆ. ಬೆಳಿಗ್ಗೆ ಡೈವ್ ಮಾಡಿ, ಮಧ್ಯಾಹ್ನ ವ್ಯಾನ್ ಹತ್ತಿ, ಸಂಜೆಯ ಹೊತ್ತಿಗೆ 1,400 ಮೀಟರ್ ಎತ್ತರದಲ್ಲಿ ಇರಬಹುದು. ವಿಮಾನದ ನಿಯಮ ಗೊತ್ತಿದ್ದವರೂ ಇದನ್ನು ಯೋಚಿಸುವುದಿಲ್ಲ.

ಅವತ್ತು ರಾತ್ರಿ ಅವಳ ಯೋಜನೆಯನ್ನು ಹೊಸದಾಗಿ ಬರೆದೆವು. ಕೌಲಾಲಂಪುರದಲ್ಲಿ ಇಳಿದ ಕೂಡಲೇ ಕೋಟಾ ಭಾರುಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಕೌಲಾ ಬೆಸುತ್, ಮತ್ತೆ ದೋಣಿ. ನಾನು ಹೋದಾಗ ದ್ವೀಪದಲ್ಲಿ ಎಟಿಎಂ ಇರಲಿಲ್ಲ, ನಗದು ಒಯ್ಯಬೇಕು. ಡೈವಿಂಗ್ ಪ್ರಮಾಣಪತ್ರದ ಮೊದಲ ಹಂತ ಕಲಿತರೆ 18 ಮೀಟರ್‌ವರೆಗೆ ಇಳಿಯಬಹುದು. 2000ದಲ್ಲಿ ಸಕ್ಕರೆ ಹೊತ್ತು ಮುಳುಗಿದ ಸರಕು ಹಡಗೊಂದು ಆ ಆಳದಲ್ಲೇ ಮಗ್ಗುಲಾಗಿ ಮಲಗಿದೆ. ನಾನು ಇಳಿದ ದಿನ ಅದರ ತುಕ್ಕು ಹಿಡಿದ ಕಬ್ಬಿಣದ ಸುತ್ತ ಮೀನಿನ ಹಿಂಡು ಎಷ್ಟು ದಟ್ಟವಾಗಿತ್ತೆಂದರೆ ಹಡಗೇ ತುಂಡುತುಂಡಾಗಿ ಕಾಣುತ್ತಿತ್ತು. ಅಲ್ಲಿನ ಟೈಟನ್ ಟ್ರಿಗರ್ ಮೀನು ಮೊಟ್ಟೆ ಕಾಯುವ ಕಾಲದಲ್ಲಿ ಮೈಮೇಲೆ ಬರುತ್ತದೆ. ಅದು ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ಜಾಗವನ್ನೆಲ್ಲ ತನ್ನದೆನ್ನುತ್ತದೆ. ಹಾಗಾಗಿ ಮೇಲಕ್ಕೆ ಓಡಬಾರದು, ಅಡ್ಡಕ್ಕೆ ಸರಿಯಬೇಕು. ಹಲವು ಪ್ರವಾಸ ವಿಮೆಗಳಲ್ಲಿ ಸ್ಕೂಬಾ ಸೇರಿರುವುದಿಲ್ಲವಾದ್ದರಿಂದ ಬೇರೆಯೇ ವಿಮೆ ಕೊಳ್ಳಿ ಎಂದೆ. 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಕಿಲ್ಲ. ಆದರೂ ಟಿಕೆಟ್ ತೆಗೆಯುವಾಗ ಒಮ್ಮೆ ಖಚಿತಪಡಿಸಿಕೊಂಡು, ಹೊರಡುವ ಮುಂಚಿನ ಮೂರು ದಿನಗಳಲ್ಲಿ ಡಿಜಿಟಲ್ ಆಗಮನ ಪತ್ರ ತುಂಬಬೇಕು.

ಊರು ಕೊನೆಗೆ ಉಳಿದರೆ ನಷ್ಟವೇನೂ ಇಲ್ಲ, ಲಾಭವೇ ಇದೆ. ವಿಮಾನಕ್ಕೆ ಮೊದಲು ದೇಹಕ್ಕೆ ಬೇಕಾದ ಬಿಡುವು ತಾನಾಗಿಯೇ ಸಿಗುತ್ತದೆ. ಕೋಟಾ ಭಾರುವಿನಲ್ಲಿ ಒಂದು ರಾತ್ರಿ ತಂಗಿ ಮರುದಿನ ಹಾರಿದರಾಯಿತು. ಕೌಲಾಲಂಪುರವನ್ನು ನಾನು ನಡೆದೇ ನೋಡಿದೆ. ಕ್ಲಾಂಗ್ ಮತ್ತು ಗೊಂಬಾಕ್ ನದಿಗಳು ಕೂಡುವಲ್ಲಿ 1909ರ ಜಮೆಕ್ ಮಸೀದಿಯಿದೆ. ಅಲ್ಲಿಂದ ಹತ್ತಿರದಲ್ಲೇ, 1957ರಲ್ಲಿ ಬ್ರಿಟಿಷರ ಧ್ವಜ ಇಳಿದ ಮೆರ್ಡೆಕಾ ಮೈದಾನ. 452 ಮೀಟರ್‌ನ ಅವಳಿ ಗೋಪುರಗಳನ್ನು ಎಲ್ಲರೂ ನೋಡುತ್ತಾರೆ, ನೋಡಲಿ. ನನಗೆ ಹಿಡಿಸಿದ್ದು ಬಾಟು ಗುಹೆ. ರೈಲಿನಲ್ಲೇ ಹೋಗಬಹುದು. 140 ಅಡಿಯ ಮುರುಗನ ಪಕ್ಕದಲ್ಲಿ 272 ಮೆಟ್ಟಿಲು ಹತ್ತಿ ಒಳಗೆ ನಿಂತರೆ, ಮೇಲಿನ ಬಿರುಕಿನಿಂದ ಬೆಳಕು ಬೀಳುವ ಸುಣ್ಣಕಲ್ಲಿನ ದೊಡ್ಡ ಹಜಾರ. ಯಾಣದ ಭೈರವೇಶ್ವರ ಶಿಖರವೂ ಸುಣ್ಣಕಲ್ಲೇ. ಯಾಣದಲ್ಲಿ ಕಲ್ಲು ನಮ್ಮೆದುರು ಎದ್ದು ನಿಲ್ಲುತ್ತದೆ, ಇಲ್ಲಿ ನಮ್ಮನ್ನೇ ಒಳಗಿಟ್ಟುಕೊಳ್ಳುತ್ತದೆ. ಕೆಳಗಿಳಿದು ನಗರದ ಬ್ರಿಕ್‌ಫೀಲ್ಡ್ಸ್ ಬಡಾವಣೆಗೆ ಬಂದರೆ ಬಾಳೆ ಎಲೆಯ ಮೇಲೆ ಅನ್ನ, ಸಾರು, ಹಪ್ಪಳ. ಸಸ್ಯಾಹಾರಿಗಳು ಉಪವಾಸ ಬೀಳುವ ಪ್ರಶ್ನೆಯೇ ಇಲ್ಲ.

ಅಳಿಯಂದಿರು ಫೆಬ್ರವರಿಯಲ್ಲಿ ಮತ್ತೆ ಬಂದರು, ಈ ಸಲ ಮೂಗು ಸ್ವಚ್ಛವಾಗಿತ್ತು. ನೇತ್ರಾಣಿಯಲ್ಲಿ ಇಳಿದು ಮೇಲೆ ಬಂದವರೇ ಮಾಸ್ಕ್ ಕಳಚುತ್ತಾ ಕೇಳಿದರು: "ಮಾವ, ಪೆರ್ಹೆಂಟಿಯನ್‌ಗೆ ಇನ್ನೊಂದು ದಿನ ಸೇರಿಸಬಹುದೇ?"

ಜೆಂಟಿಂಗ್‌ಗೆ ಇಟ್ಟಿದ್ದ ದಿನವನ್ನು ಅಲ್ಲಿಗೆ ಹಾಕಿದೆವು.