ರಾಜೀನಾಮೆಗೂ ಒಂದು ಕ್ಯಾಲೆಂಡರ್ ಇದೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೆಡ್ ಕೋಚ್‌ಗೆ ‘ಇನ್ನು ಸಾಕು’ ಎನ್ನುವವರು ಸಿಗುವುದು ಕಷ್ಟ. ಅವನು ಹೋದರೆ ಸಹಾಯಕ ಕೋಚ್‌ಗಳ ಕೆಲಸವೂ ಹೋಗಬಹುದು. ಹಾಗಾಗಿ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮುಂದಿನ ಪಂದ್ಯದ ವಿಡಿಯೊ ಮುಂದೆ ಕೂರುವುದು ಸುಲಭ.

ಅರ್ಬನ್ ಮೇಯರ್ 2009ರ ಡಿಸೆಂಬರ್ 26ರಂದು ಆರೋಗ್ಯದ ಕಾರಣ ಕೊಟ್ಟು ಫ್ಲಾರಿಡಾ ವಿಶ್ವವಿದ್ಯಾಲಯ ತಂಡದ ಹೆಡ್ ಕೋಚ್ ಹುದ್ದೆ ಬಿಡುವುದಾಗಿ ಹೇಳಿದರು. ಮಾರನೇ ದಿನವೇ ಅದು ರಜೆಯಾಯಿತು. ಮುಂದಿನ ಡಿಸೆಂಬರ್‌ನಲ್ಲಿ ಮತ್ತೆ ರಾಜೀನಾಮೆ. ರಜೆಯ ತೊಂದರೆಯೇ ಇದು: ದೇಹಕ್ಕೆ ಕೆಲವು ವಾರ ವಿಶ್ರಾಂತಿ, ಆದರೆ ವಾಪಸ್ ಬಂದಾಗ ಹೊರೆ ಅಷ್ಟೇ. ಮರಳುವ ಮುನ್ನ ಒಂದು ದೊಡ್ಡ ಕೆಲಸವನ್ನು ಪೂರ್ತಿ ಬೇರೆಯವರಿಗೆ ಕೊಡಬೇಕು: ಪಂದ್ಯದಲ್ಲಿ ಮುಂದಿನ ಆಟ ಯಾವುದೆಂದು ಹೇಳುವುದೋ (ಪ್ಲೇ ಕರೆಯುವುದು), ತಂಡಕ್ಕೆ ಸೇರಿಸಿಕೊಳ್ಳಬೇಕಾದ ಶಾಲಾ ಹುಡುಗರ ಮನೆ ಸುತ್ತುವುದೋ. ಅದಕ್ಕೂ ಮನಸ್ಸು ಒಪ್ಪದಿದ್ದರೆ ತಡೆಯುತ್ತಿರುವುದು ಜವಾಬ್ದಾರಿಯಲ್ಲ, ಅಹಂ.

ನಿದ್ದೆಗೆಟ್ಟರೆ ಮೂರ್ಛೆರೋಗ ಕೆರಳುತ್ತದೆ, ರಕ್ತದೊತ್ತಡ ಏರುತ್ತದೆ. ಸೀಸನ್‌ನಲ್ಲಿ ಕೋಚ್‌ಗೆ ಮೊದಲು ತಪ್ಪುವುದೇ ನಿದ್ದೆ. ಮಿನೆಸೋಟಾದ ಕೋಚ್ ಜೆರ್ರಿ ಕಿಲ್ ಇದೇ ಮೂರ್ಛೆರೋಗದಿಂದ 2015ರ ಅಕ್ಟೋಬರ್‌ನಲ್ಲಿ, ಸೀಸನ್ ಅರ್ಧದಲ್ಲೇ ನಿಲ್ಲಬೇಕಾಯಿತು. ತಪಾಸಣೆಗೆ ಒಳ್ಳೆಯ ಸಮಯ ವಸಂತದ ಅಭ್ಯಾಸ ಮುಗಿದ ಮೇಲೆ. ವೈದ್ಯರು ತಂಡದವರಾಗಿರಬಾರದು. ದಿನಕ್ಕೆ ಕನಿಷ್ಠ ಎಷ್ಟು ಗಂಟೆ ನಿದ್ದೆ, ರಕ್ತದೊತ್ತಡ ಎಷ್ಟು ದಾಟಿದರೆ ನಿಲ್ಲಬೇಕು ಎಂಬುದನ್ನು ಸೀಸನ್ ಶುರುವಾಗುವ ಮುನ್ನ, ಆಗಸ್ಟ್‌ಗೆ ಮೊದಲೇ ಬರೆದು ಹೆಂಡತಿಯ ಕೈಗೂ ಕಾಲೇಜಿನ ಕ್ರೀಡಾ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಕೈಗೂ ಕೊಡಿ. ನವೆಂಬರ್‌ನಲ್ಲಿ ಚೌಕಾಸಿಗೆ ಇಳಿಯುವವರು ನೀವೇ. ಚೀಟಿ ನಿಮ್ಮ ಬಳಿ ಇದ್ದರೆ ಹರಿದುಹೋಗುತ್ತದೆ.

ರಾಜೀನಾಮೆಯ ದಿನಾಂಕವೂ ಮುಖ್ಯ. 2017ರಿಂದ ಡಿಸೆಂಬರ್‌ನಲ್ಲೇ ಶಾಲಾ ಆಟಗಾರರು ಯಾವ ಕಾಲೇಜು ಸೇರುತ್ತೇವೆಂದು ಸಹಿ ಹಾಕುವ ಅವಕಾಶವಿದೆ. ಮಾರ್ಕ್ ಡ್ಯಾಂಟೋನಿಯೊ 2020ರ ಫೆಬ್ರವರಿ 4ರಂದು ನಿವೃತ್ತರಾದಾಗ ಮಿಷಿಗನ್ ಸ್ಟೇಟ್ ಸೇರಬೇಕಿದ್ದ ಹೆಚ್ಚಿನ ಹುಡುಗರು ಆಗಲೇ ಸಹಿ ಹಾಕಿಯಾಗಿತ್ತು. ಅಲಬಾಮಾದ ನಿಕ್ ಸೇಬನ್ 2024ರ ಜನವರಿ 10ರಂದು ನಿವೃತ್ತಿ ಹೇಳಿದರು, ಎರಡೇ ದಿನದಲ್ಲಿ ಅವರ ಜಾಗಕ್ಕೆ ಕೇಲನ್ ಡಿಬೋರ್ ಬಂದರು. ಆದರೂ ಕೆಲವು ಆಟಗಾರರು ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬಯಸುವವರು ಹೆಸರು ಹಾಕುವ ಪಟ್ಟಿ) ಹಿಡಿದು ಹೊರಟರು.

ಅಚ್ಚುಕಟ್ಟಾಗಿ ಮಾಡಿದವರು ನೆಬ್ರಾಸ್ಕದ ಟಾಮ್ ಆಸ್‌ಬರ್ನ್. 1985ರಲ್ಲಿ ಹೃದಯದ ಬೈಪಾಸ್ ಆಗಿತ್ತು. 1997ರ ಡಿಸೆಂಬರ್‌ನಲ್ಲಿ ತಮ್ಮ ನಿವೃತ್ತಿಯ ಜೊತೆಗೇ ಉತ್ತರಾಧಿಕಾರಿ ಫ್ರ್ಯಾಂಕ್ ಸೋಲಿಚ್ ಹೆಸರನ್ನೂ ಹೇಳಿ, ಸೀಸನ್ ಕೊನೆಯ ದೊಡ್ಡ ಪಂದ್ಯ ಆರೆಂಜ್ ಬೌಲ್ ಗೆದ್ದು ಹೊರಟರು. ಹೆಸರು ಹೇಳಿ ದಿನಾಂಕ ಹೇಳದಿದ್ದರೆ ಆಗುವುದೇ ಬೇರೆ. 2008ರಲ್ಲಿ ಟೆಕ್ಸಸ್, ಮ್ಯಾಕ್ ಬ್ರೌನ್ ನಂತರ ವಿಲ್ ಮಸ್‌ಚಾಂಪ್ ಎಂದು ಘೋಷಿಸಿತು. ಬ್ರೌನ್ ಯಾವಾಗ ಕುರ್ಚಿ ಬಿಟ್ಟು ಏಳುತ್ತಾರೆಂದು ಹೇಳಲಿಲ್ಲ. ಎರಡು ವರ್ಷ ಕಾದು ಮಸ್‌ಚಾಂಪ್ ಹೊರಟೇಬಿಟ್ಟರು, ಫ್ಲಾರಿಡಾದಲ್ಲಿ ಮೇಯರ್ ಖಾಲಿ ಮಾಡಿದ್ದ ಅದೇ ಕುರ್ಚಿಗೆ.