ಪ್ಲೇಟ್‌ಲೆಟ್ ಇಳಿದಿದ್ದೆಲ್ಲ ಡೆಂಗಿ ಅಲ್ಲ

ಮಳೆಗಾಲದಲ್ಲಿ ಮಲೆನಾಡಿನ ಯಾವ ಲ್ಯಾಬಿಗೆ ಹೋದರೂ ಒಂದೇ ಪ್ರಶ್ನೆ: ಪ್ಲೇಟ್‌ಲೆಟ್ ಎಷ್ಟಿದೆ? ಹಾಗಾಗಿ ಏಳು ವರ್ಷದ ಹುಡುಗಿಯದ್ದು 18,000 ಅಂತ ಬಂದಾಗ ಯಾರೂ ಹುಬ್ಬೇರಿಸಲಿಲ್ಲ. ಜ್ವರ, ವಸಡಿನಲ್ಲಿ ರಕ್ತ, ತೊಡೆಯ ಮೇಲೆ ನೀಲಿ ಕಲೆಗಳು. ಬಿಳಿ ರಕ್ತಕಣವೂ ಕಮ್ಮಿ.

“ಡೆಂಗಿನೇ ಮೇಡಂ, ರಿಪೋರ್ಟ್ ಕಳಿಸ್ಲಾ?” ಅಂದ ನಮ್ಮ ಟೆಕ್ನಿಷಿಯನ್.

ನನಗೆ ಒಗ್ಗದೇ ಇದ್ದದ್ದು ಹಿಮೋಗ್ಲೋಬಿನ್: 6.8. ಡೆಂಗಿ ಜೋರಾದರೆ ರಕ್ತ ಮಂದವಾಗಿ ಅದು ಏರಬೇಕು, ಇಷ್ಟು ಕುಸಿಯುವುದಲ್ಲ.

ಸ್ಲೈಡಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮೈಕ್ರೋಸ್ಕೋಪಿನಡಿ ಸ್ಮಿಯರಿನ (ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತದ) ಬಾಲದ ಕಡೆಯಿಂದ ಹುಡುಕುತ್ತಾ ಬಂದೆ. ಬಿಳಿ ಕಣಗಳೇ ವಿರಳ. ಸಿಕ್ಕ ಕೆಲವದರಲ್ಲಿ ನೇರಳೆ ಕಾಳುಗಳು ಎಷ್ಟು ಒತ್ತಾಗಿದ್ದವೆಂದರೆ ನ್ಯೂಕ್ಲಿಯಸ್ಸೇ ಮುಚ್ಚಿಹೋಗಿತ್ತು. ಒಂದರೊಳಗಂತೂ ಕೆಂಪು ಕಡ್ಡಿಗಳು, ಸೌದೆ ಹೊರೆ ಕಟ್ಟಿಟ್ಟಂತೆ. ಎಪಿಎಲ್, ಅಂದರೆ ಅಕ್ಯೂಟ್ ಪ್ರೋಮೈಲೋಸೈಟಿಕ್ ಲುಕೀಮಿಯಾ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಬಹು ಅಪರೂಪದ ಬಗೆ.

ಮಕ್ಕಳ ಡಾಕ್ಟರಿಗೆ ತಕ್ಷಣ ಫೋನ್ ಮಾಡಿದೆ: “ಸ್ನಾಯುವಿಗೆ ಇಂಜೆಕ್ಷನ್ ಬೇಡ ಸರ್, ಬೆನ್ನುನೀರು ತೆಗೆಯೋದೂ ಬೇಡ. ಆಟ್ರಾ ಕ್ಯಾಪ್ಸೂಲ್ ಇವತ್ತೇ ಶುರುವಾಗ್ಬೇಕು.”

ಅವಸರಕ್ಕೆ ಕಾರಣವಿದೆ. ಈ ಕ್ಯಾನ್ಸರಿನಲ್ಲಿ 15 ಮತ್ತು 17ನೇ ಕ್ರೋಮೋಸೋಮುಗಳು ತುಂಡು ಬದಲಿಸಿಕೊಂಡು, ಕಣಗಳು ಬಲಿಯದೆ ಅರ್ಧಕ್ಕೇ ನಿಲ್ಲುತ್ತವೆ. ಆ ಎಳೆ ಕಣಗಳು ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಕ್ಯಾನ್ಸರಿಗಿಂತ ಮೊದಲು ಮಿದುಳಿನ ರಕ್ತಸ್ರಾವವೇ ಮಗುವನ್ನು ಕೊಂಡೊಯ್ಯಬಹುದು. ಜೀನ್ ರಿಪೋರ್ಟ್ ಬರಲಿ ಅಂತ ಕಾಯುವಂತಿಲ್ಲ. ಅನುಮಾನ ಬಂದ ಗಳಿಗೆಯಲ್ಲೇ ಆಟ್ರಾ ಕೊಡಬೇಕು. ಜೊತೆಗೆ ಪ್ಲೇಟ್‌ಲೆಟ್, ಪ್ಲಾಸ್ಮಾ, ಮತ್ತು ಪ್ಲಾಸ್ಮಾದಿಂದಲೇ ತೆಗೆದ, ಹೆಪ್ಪುಗಟ್ಟಿಸುವ ಅಂಶಗಳಿರುವ ಕ್ರಯೋ. ರಿಪೋರ್ಟ್ ಬೇರೆ ಬಂದರೆ ನಿಲ್ಲಿಸಿದರಾಯಿತು.

ಆಟ್ರಾ ಅಂದರೆ ವಿಟಮಿನ್ ಎ ಸಂಬಂಧಿ. ಕಣವನ್ನು ಕೊಲ್ಲುವುದಕ್ಕಿಂತ ಬಲಿಯುವಂತೆ ಮಾಡುವುದು ಅದರ ರೀತಿ. 1985ರಲ್ಲಿ ಶಾಂಘೈನ ವಾಂಗ್ ಝೆನ್ಯಿ ಇದನ್ನು ಮೊದಲು ಕೊಟ್ಟಿದ್ದೂ ಐದು ವರ್ಷದ ಹುಡುಗಿಗೇ. ಆಮೇಲೆ ಸೇರಿಕೊಂಡದ್ದು ಆರ್ಸೆನಿಕ್. ಹೌದು, ನಮ್ಮ ಅಜ್ಜಿಯಂದಿರು ಹೆದರಿಸುತ್ತಿದ್ದ ಪಾಷಾಣವೇ! ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಮಕ್ಕಳಿಗೂ ಆರ್ಸೆನಿಕ್ ಒಂದನ್ನೇ ಕೊಟ್ಟು ಒಳ್ಳೆಯ ಫಲಿತಾಂಶ ಕಂಡಿದ್ದಾರೆ. ಈಗ ಎರಡೂ ಸೇರಿದರೆ ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ತೊಂದರೆಗಳಿಲ್ಲವೆಂದಲ್ಲ. ಆರ್ಸೆನಿಕ್ ಇದ್ದಷ್ಟು ದಿನ ಇಸಿಜಿ, ಪೊಟ್ಯಾಶಿಯಂ ನೋಡುತ್ತಿರಬೇಕು. ಆಟ್ರಾದಿಂದ ಮಕ್ಕಳಿಗೆ ವಿಪರೀತ ತಲೆನೋವು ಬರಬಹುದು. ಉಸಿರು ಕಟ್ಟಿ, ಮೈತೂಕ ಏರಿದರೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಡಲು ತಡಮಾಡುವಂತಿಲ್ಲ.

ಹುಡುಗಿಯನ್ನು ಬೆಂಗಳೂರಿಗೆ ಕಳಿಸಿದರು. ಜೀನ್ ರಿಪೋರ್ಟೂ ಅದನ್ನೇ ಹೇಳಿತು. ಈಗ ಸ್ಕೂಲಿಗೆ ಹೋಗುತ್ತಿದ್ದಾಳೆ. ಆದರೆ ಆ ಸಂಜೆ ಊರಿನ ಮೆಡಿಕಲ್ ಶಾಪ್‌ಗಳಲ್ಲೆಲ್ಲ ವಿಚಾರಿಸಿದರೂ ಆಟ್ರಾದ ಒಂದು ಕ್ಯಾಪ್ಸೂಲ್ ಸಿಗಲಿಲ್ಲ. ಮೊದಲ ಡೋಸ್ ಬಿದ್ದದ್ದು ಬೆಂಗಳೂರು ಮುಟ್ಟಿದ ಮೇಲೆಯೇ. ಹಾವಿನ ವಿಷದ ಔಷಧಿ ಇಡುವ ಜಿಲ್ಲೆಯಲ್ಲಿ ಇದರ ಒಂದು ಡಬ್ಬಿ ಇಡಲು ಏನು ಕಷ್ಟ ಅಂತ ಸಿಕ್ಕ ಅಧಿಕಾರಿಗಳನ್ನೆಲ್ಲ ಕೇಳುತ್ತಿದ್ದೇನೆ.