‘ಹಾಲು ಸಾಲ್ತಿಲ್ಲ, ಪೌಡರ್ ಶುರು ಮಾಡ್ಲಾ?’

ಮುಂಬೈಯಲ್ಲಿ ಹೊಸ ತಾಯಂದಿರಿಗೆ ಎದೆಹಾಲು ಕುಡಿಸುವ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ಕನ್ನಡದ ಮನೆಗಳಿಂದ ಫೋನ್ ಬಂದರೆ ಮೊದಲ ಮಾತು ಹೆಚ್ಚುಕಮ್ಮಿ ಇದೇ: “ಹಾಲು ಸಾಲ್ತಿಲ್ಲ ಅನ್ಸುತ್ತೆ, ಪೌಡರ್ ಶುರು ಮಾಡ್ಲಾ?” ಪೌಡರ್ ಅಂದರೆ ಡಬ್ಬಿಯಲ್ಲಿ ಸಿಗುವ, ಎಳೆ ಮಕ್ಕಳಿಗೆಂದೇ ಮಾಡಿದ ಹಾಲಿನ ಪುಡಿ. ಕೇಳುವವರು ಎಷ್ಟೋ ಸಲ ತಾಯಿಯೇ ಅಲ್ಲ. ಅವಳ ಅತ್ತೆ, ಅಮ್ಮ, ಕೆಲವೊಮ್ಮೆ ಆಫೀಸಿನಿಂದ ಗಂಡ.

ನಾನು ತಿರುಗಿ ಕೇಳುವುದು ಒಂದೇ. ನಿನ್ನೆಯಿಂದ ಮಗು ಎಷ್ಟು ಸಲ ಉಚ್ಚೆ ಮಾಡಿತು?

ಕೆಲವರಿಗೆ ಇದು ತಮಾಷೆ ಅನ್ನಿಸುತ್ತದೆ. ಆದರೆ ಎದೆಹಾಲಿಗೆ ಬಾಟಲಿಯ ಹಾಗೆ ಗೆರೆ ಇಲ್ಲ. ಒಳಗೆ ಎಷ್ಟು ಹೋಯಿತು ಅಂತ ಕಾಣುವುದಿಲ್ಲ, ಹೊರಗೆ ಬಂದದ್ದು ಕಾಣುತ್ತದೆ. ಐದು ದಿನ ದಾಟಿದ ಮಗು ದಿನಕ್ಕೆ 6 ಸಲವಾದರೂ ತಿಳಿಯಾದ ಉಚ್ಚೆ ಮಾಡುತ್ತಿದ್ದರೆ, ಕಪ್ಪು ಮಲ ಹೋಗಿ ಹಳದಿ ಮಲ ಬಂದಿದ್ದರೆ, ಹಾಲು ಹೋಗುತ್ತಿದೆ ಅಂತಲೇ ಅರ್ಥ. ಹುಟ್ಟಿದ ಮೊದಲ ಕೆಲವು ದಿನ ಮಗುವಿನ ತೂಕ ಇಳಿಯುವುದು ಸಹಜ. ಇಳಿದದ್ದು ನೂರಕ್ಕೆ 10ರಷ್ಟು ದಾಟಿದರೆ ಸುಮ್ನೆ ಕೂರಬಾರದು, ಡಾಕ್ಟರಿಗೆ ತೋರಿಸಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಮೊದಲ ತಿಂಗಳುಗಳಲ್ಲಿ ಚಿಂತೆ ಬೇಡ.

ಯಾವುದು ಲೆಕ್ಕಕ್ಕಿಲ್ಲ ಅಂದರೆ, ಸಾಯಂಕಾಲದ ಅಳು. ಸಂಜೆಯಾದರೆ ಎಷ್ಟೋ ಮಕ್ಕಳು ಗಂಟೆಗಟ್ಟಲೆ ಬಿಟ್ಟು ಬಿಟ್ಟು ಕುಡಿಯುತ್ತವೆ. ಅದು ಅವುಗಳ ರೀತಿ. ಎದೆ ಮೆತ್ತಗಾಯಿತು ಅನ್ನುವುದೂ ಲೆಕ್ಕಕ್ಕಿಲ್ಲ. ಹಾಲು ಹಿಂಡುವ ಪಂಪ್ ಹಚ್ಚಿದಾಗ ನಾಲ್ಕು ಹನಿ ಬಂತು ಅನ್ನುವುದಂತೂ ಬೇಡವೇ ಬೇಡ, ಪಂಪಿಗೂ ಮಗುವಿನ ಬಾಯಿಗೂ ಎಲ್ಲಿಯ ಹೋಲಿಕೆ?

ಹಾಗಾದರೆ ಹಾಲು ನಿಜವಾಗಿಯೂ ಕಡಿಮೆಯಾಗುವುದೇ ಇಲ್ವಾ? ಆಗುತ್ತದೆ. ಆದರೆ ಬಹಳ ಕಡೆ ಹಾಲು ಮೊದಲು ಕಡಿಮೆಯಾಗಿರುವುದಿಲ್ಲ, ಕುಡಿಯುವುದು ಕಡಿಮೆಯಾಗಿರುತ್ತದೆ. ಇದು ಸೇದಿದಷ್ಟೂ ಊರುವ ಬಾವಿ. ಮಗು ಚೀಪಿದಾಗ ತಾಯಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರುತ್ತದೆ, ಅದು ಹಾಲು ತಯಾರು ಮಾಡಿಸುತ್ತದೆ. ಆಕ್ಸಿಟೋಸಿನ್ ಅನ್ನುವ ಇನ್ನೊಂದು ಹಾರ್ಮೋನ್ ಆ ಹಾಲನ್ನು ಹೊರಗೆ ತಳ್ಳುತ್ತದೆ. ಎದೆ ತುಂಬಿಯೇ ಉಳಿದರೆ ಇನ್ನು ಸಾಕು ಅಂತ ಹಾಲು ಕಟ್ಟುವುದು ನಿಧಾನವಾಗುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಜಾಸ್ತಿ. ಹಾಗಾಗಿ “ರಾತ್ರಿ ಒಂದು ಬಾಟಲಿ ಪೌಡರ್ ಕೊಟ್ಟುಬಿಡಿ, ತಾಯಿ ಮಲಗಲಿ” ಅನ್ನುವ ಪ್ರೀತಿಯ ಸಲಹೆ ಕೆಲವೇ ದಿನಗಳಲ್ಲಿ ಹಾಲನ್ನು ನಿಜಕ್ಕೂ ಕಡಿಮೆ ಮಾಡುತ್ತದೆ. ಆಗ ಎಲ್ಲರೂ, “ನೋಡಿ, ನಾವು ಹೇಳಿರ್ಲಿಲ್ವಾ” ಅನ್ನುತ್ತಾರೆ.

ಆದ್ದರಿಂದ ನಾನು ಹುಡುಕುವುದು ಮಗು ಕುಡಿಯದಂತೆ ಅಡ್ಡ ಬಂದದ್ದು ಏನು ಅಂತ. ಅದು ತಾಯಿಯ ಕಡೆ ಇರಬಹುದು, ಮಗುವಿನ ಕಡೆ ಇರಬಹುದು. ನಮ್ಮಲ್ಲಿ ವಿಚಾರಣೆ ಮಾತ್ರ ತಾಯಿಯೊಬ್ಬಳಿಗೇ. ಏನು ತಿಂದೆ, ಯಾಕೆ ತಿಂದಿಲ್ಲ, ತಣ್ಣೀರು ಮುಟ್ಟಿದೆಯಾ. ಊರಿಂದ ಅಂಟಿನುಂಡೆ ಬಂದಿರುತ್ತದೆ, ಪಕ್ಕದ ಮನೆಯ ಮರಾಠಿ ಆಂಟಿ ಅಳೀವ್ ಲಾಡು ಕೊಟ್ಟಿರುತ್ತಾರೆ, ಜೊತೆಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ತಿನ್ನಲಿ, ಪಾಪ, ಹಸಿವಾಗುತ್ತದೆ. ಆದರೆ ಮಗು ಸರಿಯಾಗಿ ಬಾಯಿ ಹಚ್ಚದಿದ್ದರೆ ಡಬ್ಬಿಗಟ್ಟಲೆ ಉಂಡೆ ತಿಂದರೂ ಹಾಲು ಏರುವುದಿಲ್ಲ.

ಮಗುವಿನ ಕಡೆಯದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅದನ್ನು ಮೊದಲು ಹೇಳುತ್ತೇನೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವ ಶಕ್ತಿ ಗರ್ಭದ ಸುಮಾರು 34 ವಾರದ ಹೊತ್ತಿಗೆ ಬರುತ್ತದೆ. 35, 36 ವಾರಕ್ಕೆ ಹುಟ್ಟಿದ ಮಗು ನೋಡಲು ಪೂರ್ತಿ ಬೆಳೆದ ಹಾಗಿರುತ್ತದೆ, ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತದೆ. ಮನೆಯವರು ಹೊಟ್ಟೆ ತುಂಬಿತು ಅಂದುಕೊಳ್ಳುತ್ತಾರೆ. ಕಾಮಾಲೆ ಬಂದ ಮಗುವೂ ಹೀಗೇ ಮಂಪರಿನಲ್ಲಿರುತ್ತದೆ. ಕುಡಿಯದಿದ್ದರೆ ಮಲ ಕಡಿಮೆ, ಮಲ ಕಡಿಮೆಯಾದರೆ ಕಾಮಾಲೆಯ ಹಳದಿ ಅಂಶ ಹೊರಗೆ ಹೋಗುವುದೂ ಕಡಿಮೆ. ಕೆಲವು ಮಕ್ಕಳಿಗೆ ನಾಲಿಗೆಯ ಕೆಳಗಿನ ಪೊರೆ ಗಿಡ್ಡ, ನಾಲಿಗೆ ಮುಂದೆ ಚಾಚುವುದಿಲ್ಲ. ಸೀಳು ಅಂಗುಳವಿದ್ದರೆ ಹಾಲು ಎಳೆಯುವುದಕ್ಕೇ ಆಗುವುದಿಲ್ಲ. ಮೊದಲ ವಾರವೇ ಬಾಟಲಿಯ ರುಚಿ ಹತ್ತಿದ ಕೆಲವು ಮಕ್ಕಳು ಎದೆಯ ಹತ್ತಿರ ಬಂದರೆ ಜಗಳಕ್ಕೇ ನಿಲ್ಲುತ್ತವೆ.

ಡೊಂಬಿವಲಿಯ ಒಂದು ಮನೆಯಲ್ಲಿ ನೋಡಿದ್ದು ಹೇಳುತ್ತೇನೆ. ಗದಗಿನಿಂದ ಬಂದ ಅಜ್ಜಿ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರು. ಟೋಪಿ, ಕೈಗವಸು, ಮೇಲೊಂದು ದುಪ್ಪಟಿ. ಹೊರಗೆ ಅಕ್ಟೋಬರ್ ಬಿಸಿಲು. ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡು ನಿದ್ದೆ ಮಾಡುತ್ತಿತ್ತು, ತಾಯಿ ಹಲ್ಲು ಕಚ್ಚಿ ನೋವು ತಡೆದುಕೊಂಡಿದ್ದಳು. ತೊಟ್ಟು ಸೀಳಿತ್ತು. ಬಟ್ಟೆ ಬಿಚ್ಚಿದೆವು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಮೂಗು ತೊಟ್ಟಿನ ಎದುರು ಬರುವಂತೆ ಹಿಡಿದು ಕಾದೆವು. ತೊಟ್ಟು ತುಟಿಗೆ ಸವರಿದಾಗ ಅದು ಆಕಳಿಸುವಷ್ಟು ಬಾಯಿ ತೆರೆಯಿತು. ಆ ಕ್ಷಣಕ್ಕೆ ಹತ್ತಿರ ಎಳೆದುಕೊಂಡರೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುತ್ತದೆ, ಕೆಳತುಟಿ ಹೊರಗೆ ಮಡಚಿಕೊಳ್ಳುತ್ತದೆ, ಗದ್ದ ಎದೆಗೆ ಒತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನುಂಗುವ ಸದ್ದು ಕೇಳಿಸಿತು. ಹಸಿದ ಮಗುವಿನ ಮುಷ್ಟಿ ಬಿಗಿಯಾಗಿರುತ್ತದೆ, ಹೊಟ್ಟೆ ತುಂಬುತ್ತಾ ಬಂದ ಹಾಗೆ ಬೆರಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಅಜ್ಜಿ ಅದನ್ನೇ ನೋಡುತ್ತಾ, “ಹಂಗಾರ ಹಾಲು ಐತಿ ಬಿಡವ್ವಾ” ಅಂದರು.

ಇನ್ನು ತಾಯಿಯ ಕಡೆ. ಸಿಸೇರಿಯನ್ ಆದವರಿಗೆ, ಚೊಚ್ಚಲ ಹೆರಿಗೆಯವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಮೈತೂಕ ಜಾಸ್ತಿ ಇರುವವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ಥೈರಾಯ್ಡ್ ಕಡಿಮೆ ಇದ್ದರೆ, ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದರೆ, ಮಾಸಿನ ಚೂರು ಒಳಗೇ ಉಳಿದಿದ್ದರೆ, ಹಿಂದೆ ಎದೆಯ ಆಪರೇಶನ್ ಆಗಿದ್ದರೆ ಹಾಲು ನಿಜವಾಗಿಯೂ ಕಡಿಮೆ ಇರಬಹುದು. ಇದನ್ನು ಡಾಕ್ಟರೇ ನೋಡಬೇಕು, ಮೆಂತ್ಯದಿಂದ ಸರಿಹೋಗುವುದಲ್ಲ. ಒಳಸೇರಿದ ತೊಟ್ಟಿಗೆ ಅಷ್ಟು ಹೆದರಬೇಕಿಲ್ಲ. ಮಗು ಚೀಪುವುದು ಎದೆಯನ್ನು, ಬರೀ ತೊಟ್ಟನ್ನಲ್ಲ. ನೋವು, ನಿದ್ದೆಗೇಡು, ಮನಸ್ಸಿಗೆ ಕವಿದ ಮಂಕು ಇವೂ ಆಕ್ಸಿಟೋಸಿನ್ನಿಗೆ ಅಡ್ಡಿ. ಬಾಣಂತಿ ಎರಡು ವಾರ ಕಳೆದರೂ ಸುಮ್ಮನೆ ಅಳುತ್ತಲೇ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ವಿಷಯ ನನ್ನನ್ನು ಕಾಡುತ್ತದೆ. ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ನೂರಕ್ಕೆ 41.8 ಮಕ್ಕಳಿಗೆ ಮಾತ್ರ. ಡಾಕ್ಟರು, ನರ್ಸು ಎಲ್ಲರೂ ಇರುವ ಕಡೆ ಆ ಒಂದು ಗಂಟೆ ಎಲ್ಲಿ ಹೋಗುತ್ತದೆ? ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47ರಷ್ಟು ಹೆರಿಗೆ ಸಿಸೇರಿಯನ್ ಆಗಿತ್ತು ಅನ್ನುವುದು ಉತ್ತರದ ಒಂದು ಭಾಗ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಸಿಸೇರಿಯನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತದೆ. ಪಕ್ಕದಲ್ಲಿ ಹಿಡಿದುಕೊಳ್ಳುವವರು ಒಬ್ಬರಿದ್ದರೆ ಬೇಗನೇ ಕುಡಿಸಬಹುದು. ಮೊದಲ ದಿನದ ದಪ್ಪ ಹಳದಿ ಹಾಲು ಚಮಚದ ಲೆಕ್ಕದಲ್ಲಿ ಬರುವುದು, ಮಗುವಿಗೂ ಬೇಕಾದದ್ದು ಅಷ್ಟೇ. ಅದನ್ನು ನೋಡಿ “ಏನೂ ಬರ್ತಿಲ್ಲ” ಅಂದುಬಿಡುತ್ತಾರೆ.

ಬರೀ ಎದೆಹಾಲು ಅಂದರೆ 6 ತಿಂಗಳ ತನಕ ನೀರೂ ಇಲ್ಲ. ಇದು ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್ಒ) ಹೇಳುವುದು. ಡಾಕ್ಟರ್ ಬರೆದ ವಿಟಮಿನ್ ಡಿ ಹನಿ, ಔಷಧಿ ನಡೆಯುತ್ತದೆ. ಮುಂಬೈ ಸೆಕೆಗೆ ಬಾಯಾರಲ್ವಾ ಅಂತ ಕೇಳುತ್ತಾರೆ. ಎದೆಹಾಲಿನಲ್ಲಿ ನೂರಕ್ಕೆ 88ರಷ್ಟು ನೀರೇ ಇದೆ. ನಮ್ಮ ಮನೆಗಳ ಕಷ್ಟ ಏನೆಂದರೆ ಎರಡೂ ಕಡೆಯ ಪದ್ಧತಿ ಬಂದು ಸೇರುತ್ತವೆ. ನಮ್ಮ ಬಜೆ ತೇಯ್ದು ನೆಕ್ಕಿಸುವುದೂ ಇದೆ, ಇಲ್ಲಿಯವರು ಬೇರು, ಕಾಯಿ ತೇಯ್ದು ಕೊಡುವ ಬಾಳಗುಟಿಯೂ ಇದೆ. ಜೇನುತುಪ್ಪ ಒಂದು ವರ್ಷದೊಳಗೆ ಬೇಡ, ಬೊಟುಲಿಸಂ ಅನ್ನುವ ವಿಷಬಾಧೆಯ ಅಪಾಯ ಇದೆ. ಉಳಿದವುಗಳ ಬಗ್ಗೆ ಅಜ್ಜಿಯರ ಜೊತೆ ಜಗಳಕ್ಕೆ ಇಳಿಯುವುದಿಲ್ಲ. ತೇಯುವ ಕಲ್ಲು ಎಲ್ಲಿಡ್ತೀರಿ, ಹೇಗೆ ತೊಳೀತೀರಿ ಅಂತ ಮಾತ್ರ ಕೇಳುತ್ತೇನೆ.

ಕೆಲಸಕ್ಕೆ ಹೋಗುವವರ ಕತೆಯೇ ಬೇರೆ. 2017ರಲ್ಲಿ ಹೆರಿಗೆ ರಜೆಯ ಕಾನೂನಿಗೆ ತಂದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಇದೆ. ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಉಳಿಯುವುದು 18. ಅಂದರೆ ನಾಲ್ಕು ತಿಂಗಳ ಮಗುವನ್ನು ಬಿಟ್ಟು ಕಲ್ಯಾಣ್ ಲೋಕಲ್ ರೈಲು ಹತ್ತಬೇಕು. ಅಂಥವರಿಗೆ ಕೈಯಿಂದ ಹಾಲು ಹಿಂಡುವುದನ್ನು ಮೊದಲೇ ಕಲಿಸುತ್ತೇನೆ, ಪಂಪ್ ಆಮೇಲೆ. ಹಿಂಡಿದ ಹಾಲು ಸಾಮಾನ್ಯ ತಂಪಿನಲ್ಲಿ 4 ಗಂಟೆ ಇರುತ್ತದೆ ಅನ್ನುತ್ತಾರೆ. ನಮ್ಮ ಮೇ ತಿಂಗಳಿಗೆ ಆ ಲೆಕ್ಕ ಬೇಡ, ಸೀದಾ ಫ್ರಿಜ್ಜಿಗೆ. ಮನೆಗೆಲಸದವರಿಗೆ, ಕಟ್ಟಡದ ಕೆಲಸಕ್ಕೆ ಕಲಬುರಗಿ ಕಡೆಯಿಂದ ಬಂದವರಿಗೆ 26 ವಾರವೂ ಇಲ್ಲ, ಫ್ರಿಜ್ಜೂ ಇಲ್ಲ. ಅವರಿಗೆ ನಾನು ಕೊಡುವ ಸಲಹೆ ಅರ್ಧಕ್ಕೇ ನಿಲ್ಲುತ್ತದೆ.

ಈಗ ಪೌಡರ್ ವಿಷಯಕ್ಕೆ ಬರೋಣ. ತೂಕ ಏರುತ್ತಿಲ್ಲ, ಡಾಕ್ಟರು ಕೊಡಿ ಅಂದರು ಅಂದರೆ ಕೊಡಿ. ಅದರಲ್ಲಿ ತಾಯಿ ಸೋತದ್ದು ಏನೂ ಇಲ್ಲ. ಮಗು ತೀರಾ ಚಿಕ್ಕದಾಗಿ ಹುಟ್ಟಿ ಆಸ್ಪತ್ರೆಯಲ್ಲೇ ಇದ್ದರೆ ಹಾಲಿನ ಬ್ಯಾಂಕ್ ಇದೆಯಾ ಅಂತ ಮೊದಲು ಕೇಳಿ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಶುರುವಾದದ್ದು ನಮ್ಮ ಸಯನ್ ಆಸ್ಪತ್ರೆಯಲ್ಲೇ, ಡಾ. ಅರ್ಮಿಡಾ ಫರ್ನಾಂಡಿಸ್ ಅವರಿಂದ. ಪೌಡರ್ ಡಬ್ಬಿಯ ಉಚಿತ ಸ್ಯಾಂಪಲ್ ಯಾರಾದರೂ ಕೈಗಿಟ್ಟರೆ ಅದು ಮಕ್ಕಳ ಹಾಲಿನ ಪುಡಿಯ ಮಾರಾಟ, ಪ್ರಚಾರಕ್ಕೆ ಕಡಿವಾಣ ಹಾಕುವ 1992ರ ಕಾನೂನಿಗೆ ವಿರುದ್ಧ ಅನ್ನುವುದೂ ಗೊತ್ತಿರಲಿ.

ಕೊಡುವಾಗ ಮೊದಲು ಎರಡೂ ಎದೆ ಕುಡಿಸಿ, ಆಮೇಲೆ ಪೌಡರ್. ಬಾಟಲಿ ಬೇಡ, ಕುದಿಸಿದ ಒಳಲೆಯಲ್ಲಿ ಕುಡಿಸಿ. ಡಬ್ಬಿಯಲ್ಲಿ ಬಂದ ಅಳತೆ ಚಮಚವನ್ನೇ ಬಳಸಿ. ಡಬ್ಬಿ ಇನ್ನೂ ನಾಲ್ಕು ದಿನ ಬರಲಿ ಅಂತ ನೀರು ಜಾಸ್ತಿ ಹಾಕುವ ಮನೆಗಳಿವೆ. ಅಲ್ಲಿ ಮಗು ಹೊಟ್ಟೆ ತುಂಬಿದ ಹಾಗೆ ಮಲಗುತ್ತದೆ, ತಕ್ಕಡಿಯ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಬಟ್ಟೆ ಇಲ್ಲದೆ ತೂಕ ನೋಡಿ. ಏರುತ್ತಾ ಬಂದರೆ ಪೌಡರ್ ಹೇಗೆ ಕಡಿಮೆ ಮಾಡಬೇಕು ಅಂತ ಡಾಕ್ಟರ ಹತ್ತಿರ ನೀವೇ ಬಾಯಿ ಬಿಟ್ಟು ಕೇಳಿ. ಶುರು ಮಾಡಿ ಅನ್ನುವವರು ಬೇಕಾದಷ್ಟು ಜನ ಇರುತ್ತಾರೆ, ನಿಲ್ಲಿಸಿ ಅಂತ ಹೇಳಲು ನೆನಪಾಗುವುದು ಕಡಿಮೆ.